ರಾತ್ರಿ ಪಾಳಿಯ ಸಿಸ್ಟರ್ ಯಾರನ್ನು ಕರೆಯಬೇಕು?

ಪತ್ರ: ವಾರ್ಡಿನಲ್ಲಿ ಉಸಿರುಕಟ್ಟಿದವರ ಶ್ವಾಸನಾಳಕ್ಕೆ ಕೊಳವೆ ಹಾಕಲು ಪ್ರತ್ಯೇಕ ತಂಡವೇ ಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಡ್ಯೂಟಿ ಡಾಕ್ಟರಿಗೆ ಅಷ್ಟೂ ಬರದಿದ್ದರೆ ಅವರು ಓದಿದ್ದೇನು? ಇದು ಬಿಲ್ ಏರಿಸುವ ಇನ್ನೊಂದು ದಾರಿ, ಅಷ್ಟೇ. (ಓದುಗರು, ದಾವಣಗೆರೆ)

ಸಂಪಾದಕರ ಉತ್ತರ: ಬಿಲ್ಲಿನ ಬಗ್ಗೆ ನಿಮ್ಮ ಅನುಮಾನ ನ್ಯಾಯವಾದದ್ದೇ. ಆದರೆ ‘ಓದಿದ್ದೇನು’ ಎಂದಿರಲ್ಲ, ಅಲ್ಲಿ ದುಡುಕಿದಿರಿ.

ಆಪರೇಷನ್ ಥಿಯೇಟರಿಗೆ ಬರುವ ರೋಗಿಯದು ಸಾಮಾನ್ಯವಾಗಿ ಖಾಲಿ ಹೊಟ್ಟೆ. ಬಾಯಿ, ಕುತ್ತಿಗೆಯನ್ನು ಮೊದಲೇ ನೋಡಿರುತ್ತಾರೆ, ಅರಿವಳಿಕೆ ತಜ್ಞರು ತಲೆಯ ಬಳಿಯೇ ಇರುತ್ತಾರೆ. ರಾತ್ರಿ ಎರಡಕ್ಕೆ ವಾರ್ಡಿನಲ್ಲಿ ಗಂಟಲ ಗೆಡ್ಡೆಯವರ ಬಾಯ್ತುಂಬ ರಕ್ತ ಬಂದಾಗ ಇದ್ಯಾವುದೂ ಇರುವುದಿಲ್ಲ. ಮೆದುಳು ತಾಳುವುದು ಕೆಲವೇ ನಿಮಿಷ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಇದಕ್ಕೆಂದೇ ತಂಡ ಕಟ್ಟಿತು. ಅರಿವಳಿಕೆ, ಇಎನ್‌ಟಿ, ಟ್ರಾಮಾ ಸರ್ಜರಿ, ಎಮರ್ಜೆನ್ಸಿ, ಇಷ್ಟೂ ವಿಭಾಗದವರು ಒಂದೇ ಕರೆಗೆ ಓಡಿಬರಬೇಕು. 2008ರಿಂದ 5 ವರ್ಷಗಳಲ್ಲಿ ಇಂಥ 360 ಪ್ರಸಂಗ ಎದುರಿಸಿದರು. 62 ಮಂದಿಯನ್ನು ಸಂಭಾಳಿಸಿ ಥಿಯೇಟರಿಗೆ ಒಯ್ದರು, 23 ಮಂದಿಗೆ ಕುತ್ತಿಗೆ ಕೊಯ್ದೇ ಉಸಿರಿನ ದಾರಿ ಮಾಡಬೇಕಾಯಿತು. ಇದನ್ನೆಲ್ಲ ಒಬ್ಬರ ತಲೆಗೆ ಕಟ್ಟುತ್ತೀರಾ?

ಇನ್ನು ಓದಿನ ಮಾತು. 2005ರಲ್ಲಿ ಇಂಗ್ಲೆಂಡಿನ ಎಲೇನ್ ಬ್ರೋಮಿಲಿ ಮೂಗಿನ ಸಾಧಾರಣ ಶಸ್ತ್ರಚಿಕಿತ್ಸೆಗೆಂದು ಹೋಗಿ ತೀರಿಕೊಂಡರು. ಅದು ಥಿಯೇಟರಿನಲ್ಲೇ ಆದದ್ದು, ಸುತ್ತ ಇದ್ದವರೆಲ್ಲ ಅನುಭವಿ ವೈದ್ಯರು. ಕೊಳವೆ ಹೋಗಲಿಲ್ಲ. ನರ್ಸ್ ಒಬ್ಬರು ಕುತ್ತಿಗೆ ಕೊಯ್ಯುವ ಸಾಮಾನು ತಂದು ‘ಇದು ಸಿದ್ಧವಿದೆ’ ಎಂದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪತಿ ಮಾರ್ಟಿನ್ ವಿಮಾನದ ಪೈಲಟ್. ಅಪಘಾತವಾದರೆ ಕಾರಣ ಹುಡುಕುವಂತೆ ಇಲ್ಲೂ ಹುಡುಕಿ ಎಂದು ಕೇಳಿದರು, ಮುಂದೆ ಇದಕ್ಕೆಂದೇ ಸಂಸ್ಥೆ ಕಟ್ಟಿದರು.

ಈ ಕಥೆ ಓದಿದಾಗೆಲ್ಲ ನನಗೆ ನಮ್ಮ ದೊಡ್ಡಮ್ಮ ನೆನಪಾಗುತ್ತಾರೆ. ಥೈರಾಯ್ಡ್ ಆಪರೇಷನ್ ಆದ ರಾತ್ರಿ ಅವರ ಕುತ್ತಿಗೆ ಊದತೊಡಗಿತು. ‘ಡಾಕ್ಟ್ರೇ, ಒಳಗೆ ರಕ್ತ ನಿಂತಿದೆ’ ಎಂದು ಸಿಸ್ಟರ್ ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ಬೈಸಿಕೊಂಡರು. ಕೊನೆಗೆ ಮಂಚದ ಮೇಲೇ ಹೊಲಿಗೆ ಬಿಚ್ಚಿದಾಗ ದೊಡ್ಡಮ್ಮ ಉಸಿರೆಳೆದ ಸದ್ದು ಕಾರಿಡಾರಿನಲ್ಲಿದ್ದ ನಮಗೂ ಕೇಳಿಸಿತು. ತಂಡವೆಂದರೆ ನನಗೆ ಮೊದಲು ಇದೇ: ಸಿಸ್ಟರ್ ಹೇಳಿದರೂ ನಡೆಯಬೇಕು.

ನಮ್ಮಲ್ಲೇ ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ (ಕಷ್ಟದ ಉಸಿರಿನ ದಾರಿ) ಅಸೋಸಿಯೇಷನ್ 2016ರಲ್ಲಿ, ಕೊಳವೆ ಹಾಕುವ ಬಗ್ಗೆ ಐಸಿಯುಗೆಂದೇ ಮಾರ್ಗಸೂಚಿ ಕೊಟ್ಟಿದೆ. ನಾವೋ, ಹೊಸ ಆಸ್ಪತ್ರೆಯ ಟೇಪು ಕತ್ತರಿಸುವಾಗ ಹಾಸಿಗೆ ಎಷ್ಟು ಎಂದು ಕೇಳುತ್ತೇವೆ. ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ ಎಂದು ಶಾಸಕರೂ ಕೇಳುವುದಿಲ್ಲ, ಪತ್ರಕರ್ತರೂ ಕೇಳುವುದಿಲ್ಲ. ನೀವು ಪ್ರಶ್ನೆ ಕೇಳಬಲ್ಲವರು ಎಂಬುದು ಪತ್ರದಲ್ಲೇ ಕಾಣುತ್ತದೆ. ನಿಮ್ಮೂರಿನ ದೊಡ್ಡ ಆಸ್ಪತ್ರೆಗೆ ಹೋಗಿ, ನಡುರಾತ್ರಿ ರೋಗಿಯ ಉಸಿರುಕಟ್ಟಿದರೆ ಯಾವ ನಂಬರಿಗೆ ಫೋನ್ ಮಾಡುತ್ತೀರಿ ಎಂದು ವಾರ್ಡಿನ ಸಿಸ್ಟರನ್ನು ಕೇಳಿ. ಅವರು ಹೇಳಿದ್ದನ್ನು ಬರೆದು ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇನೆ.