ನೀಲಿ ಟಿಕ್ ಬಿದ್ದ ಮೇಲಿನ ಸಂಕಟ

ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ: "ನನಗೆ 24 ವರ್ಷ. ಗೆಳೆಯನಿಗೆ ಮೆಸೇಜ್ ಹಾಕುತ್ತೇನೆ. ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ. ಆಮೇಲೆ ಅವನ ಲಾಸ್ಟ್ ಸೀನ್ ನೋಡುತ್ತಾ ಕೂರುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಯಾರ ಫೋಟೊಗೆ ಲೈಕ್ ಒತ್ತಿದ್ದಾನೆ ಅಂತ ಹುಡುಕುತ್ತೇನೆ. ಆನ್‌ಲೈನ್ ಕ್ವಿಜ್ ಒಂದರಲ್ಲಿ ನನ್ನದು ಆಂಕ್ಷಿಯಸ್ ಅಟ್ಯಾಚ್‌ಮೆಂಟ್ (ಬಿಟ್ಟುಹೋಗುತ್ತಾರೆ ಅನ್ನುವ ಭಯದ ನಂಟು), ಅವನದು ಅವಾಯ್ಡೆಂಟ್ (ಹತ್ತಿರ ಬಿಟ್ಟುಕೊಳ್ಳದ ನಂಟು) ಅಂತ ಬಂತು. ಚಿಕ್ಕಂದಿನಲ್ಲಿ ಅಮ್ಮ ನನ್ನನ್ನು ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದುದೇ ಇದಕ್ಕೆ ಕಾರಣವಾ? ಆ್ಯಪ್‌ಗಳನ್ನೆಲ್ಲ ತೆಗೆದುಹಾಕಲಾ?"

ಸಂಪಾದಕರ ಉತ್ತರ:

ಮೊದಲು ಅಮ್ಮನ ವಿಷಯ ಮುಗಿಸಿಬಿಡೋಣ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸಿದ ದೊಡ್ಡ ಅಧ್ಯಯನವೊಂದರ ವರದಿ 1997ರಲ್ಲಿ ಬಂತು. ಮಗುವನ್ನು ಬೇರೆಯವರ ಕೈಯಲ್ಲಿ ಬಿಟ್ಟ ಮಾತ್ರಕ್ಕೆ ಅಮ್ಮನ ಜೊತೆಗಿನ ಅದರ ನಂಟು ಕೆಡುವುದಿಲ್ಲ ಅನ್ನುವುದು ಅದರಲ್ಲಿ ಕಂಡಿದ್ದು. ಅಮ್ಮ ಜೊತೆಗಿದ್ದಾಗ ಮಗುವಿನ ಅಳು, ನಗುವಿಗೆ ಹೇಗೆ ಸ್ಪಂದಿಸುತ್ತಾಳೆ ಅನ್ನುವುದೇ ಹೆಚ್ಚು ಲೆಕ್ಕಕ್ಕೆ ಬಂದದ್ದು. ಅದೂ ಅಲ್ಲದೆ, ಒಂದು ವರ್ಷದ ಮಗುವಿನಲ್ಲಿ ಕಂಡದ್ದು 24ಕ್ಕೆ ಹಾಗೇ ಬಂದು ನಿಲ್ಲುವುದಿಲ್ಲ. ನಡುವೆ ಸ್ನೇಹಿತರು, ಮೇಷ್ಟ್ರುಗಳು, ಮುರಿದ ಸಂಬಂಧಗಳು ಎಲ್ಲ ಬಂದು ಹೋಗಿರುತ್ತವೆ. ಅಮ್ಮನ ಮೇಲೆ ಕೇಸು ಹಾಕಬೇಡಿ.

ಈಗ ಆ ಕ್ವಿಜ್. ಅವನ ಪರವಾಗಿ ಉತ್ತರ ತುಂಬಿದ್ದೂ ನೀವೇ ಅಲ್ವಾ?

ಅಟ್ಯಾಚ್‌ಮೆಂಟ್, ಅಂದರೆ ಹತ್ತಿರದವರ ಜೊತೆಗಿನ ನಂಟು, ಅನ್ನುವ ವಿಚಾರಕ್ಕೆ ಬುನಾದಿ ಹಾಕಿದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಅದನ್ನು ಕಣ್ಣಾರೆ ನೋಡುವ ಪರೀಕ್ಷೆ ಮಾಡಿದವರು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್. ಒಂದು ವರ್ಷದ ಆಸುಪಾಸಿನ ಮಗು, ತಾಯಿ, ಆಟಿಕೆಗಳಿರುವ ಒಂದು ಕೋಣೆ. ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ವಾಪಸ್ ಬರುತ್ತಾಳೆ. ಹೋದಾಗ ಮಗು ಎಷ್ಟು ಅತ್ತಿತು ಅನ್ನುವುದಕ್ಕಿಂತ, ಬಂದಾಗ ಏನು ಮಾಡಿತು ಅನ್ನುವುದನ್ನೇ ಅವರು ಗಮನಿಸಿದ್ದು. ಕೆಲವು ಮಕ್ಕಳು ಅಮ್ಮನ ತೋಳಿಗೆ ಬಂದು ಸಮಾಧಾನವಾಗಿ ಮತ್ತೆ ಆಟಕ್ಕೆ ಹೋಗುತ್ತವೆ. ಕೆಲವು ಅಮ್ಮನನ್ನು ತಬ್ಬಿಕೊಂಡೇ ಒದೆಯುತ್ತವೆ, ಎತ್ತಿಕೊಂಡರೂ ಅಳು ನಿಲ್ಲಿಸುವುದಿಲ್ಲ (ಇದು ಆಂಕ್ಷಿಯಸ್ ಬಗೆ). ಇನ್ನು ಕೆಲವು ಏನೂ ಆಗಿಲ್ಲವೇನೋ ಅನ್ನುವ ಹಾಗೆ ಮುಖ ತಿರುಗಿಸಿ ಆಟಿಕೆ ಹಿಡಿದುಕೊಳ್ಳುತ್ತವೆ (ಇದು ಅವಾಯ್ಡೆಂಟ್ ಬಗೆ). ಆಮೇಲೆ ಬೇರೆ ಸಂಶೋಧಕರು ಈ ಮೂರನೇ ಬಗೆಯ ಮಕ್ಕಳ ಎದೆಬಡಿತ ಅಳೆದರು. ಮೇಲೆ ಶಾಂತ, ಒಳಗೆ ಬಡಿತ ಜೋರು! ನಿಮ್ಮ ಗೆಳೆಯ ಸುಮ್ಮನಿದ್ದಾನೆ ಅಂದರೆ ಅವನಿಗೆ ಏನೂ ಅನ್ನಿಸುತ್ತಿಲ್ಲ ಅಂತ ತೀರ್ಮಾನಿಸುವ ಮುಂಚೆ ಇದು ನೆನಪಿರಲಿ. ಹಾಗಂತ ಅವನು ಒಳಗೊಳಗೇ ಒದ್ದಾಡುತ್ತಿದ್ದಾನೆ ಅಂತಲೂ ನಾನು ಹೇಳುತ್ತಿಲ್ಲ. ಮೀಟಿಂಗ್‌ನಲ್ಲಿ ಇರಬಹುದು.

ದೊಡ್ಡವರ ಪ್ರೀತಿಗೆ ಇದನ್ನು ತಂದದ್ದು 1987ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್. ಅವರೂ ಪತ್ರಿಕೆಯಲ್ಲಿ ಪ್ರಶ್ನೆ ಹಾಕಿ ಓದುಗರಿಂದ ಉತ್ತರ ತರಿಸಿಕೊಂಡಿದ್ದರು (ನಮ್ಮಂಥವರಿಗೆ ಇದೊಂದು ಖುಷಿಯ ವಿಷಯ). 1998ರ ಹೊತ್ತಿಗೆ 36 ಹೇಳಿಕೆಗಳ ಪ್ರಶ್ನಾವಳಿ ಬಂತು. ಅದು ಯಾರನ್ನೂ ಡಬ್ಬಿಯೊಳಗೆ ಹಾಕುವುದಿಲ್ಲ. ಬಿಟ್ಟುಹೋಗುತ್ತಾರೆ ಅನ್ನುವ ಭಯ ಎಷ್ಟು, ಹತ್ತಿರ ಬಿಟ್ಟುಕೊಳ್ಳುವುದಕ್ಕೆ ಹಿಂಜರಿಕೆ ಎಷ್ಟು ಅಂತ ಎರಡನ್ನೂ ಬೇರೆ ಬೇರೆ ಅಳೆಯುತ್ತದೆ. ಎರಡೂ ಎಲ್ಲರಲ್ಲೂ ಇರುತ್ತವೆ, ಜಾಸ್ತಿ ಕಮ್ಮಿ ಅಷ್ಟೇ. ನೀವು 'ಆಂಕ್ಷಿಯಸ್' ಅಲ್ಲ. ನಿಮ್ಮಲ್ಲಿ ಆ ಭಯ ತುಸು ಜಾಸ್ತಿ ಇರಬಹುದು.

ಆ ಭಯಕ್ಕೂ ಫೋನಿಗೂ ನಂಟಿರುವುದು ನಿಜ. ಈ ಭಯ ಹೆಚ್ಚಿರುವವರು ಬೇಸರವಾದಾಗ ಫೇಸ್‌ಬುಕ್‌ಗೆ ಹೆಚ್ಚು ಹೋಗುತ್ತಾರೆ, ಸಂಗಾತಿಯ ಪ್ರೊಫೈಲ್ ಹೆಚ್ಚು ಜಾಲಾಡುತ್ತಾರೆ, ಹೊಟ್ಟೆಕಿಚ್ಚು ಪಡುತ್ತಾರೆ ಅಂತ 2013ರ ಸುಮಾರಿನಿಂದ ಹಲವು ಅಧ್ಯಯನಗಳು ಹೇಳಿವೆ. ಆದರೆ ಇವುಗಳಲ್ಲಿ ಬಹಳಷ್ಟು ಒಂದೇ ಸಲ ಪ್ರಶ್ನೆ ಕೇಳಿ ಮಾಡಿದವು. ಭಯ ಇದ್ದದ್ದಕ್ಕೆ ಫೋನ್ ನೋಡುತ್ತಾರೋ, ಫೋನ್ ನೋಡಿ ನೋಡಿ ಭಯ ಹೆಚ್ಚಾಯಿತೋ ಅಂತ ಅವುಗಳಿಂದ ಬಿಡಿಸಿ ಹೇಳುವುದಕ್ಕೆ ಆಗುವುದಿಲ್ಲ. ನನಗನ್ನಿಸುವುದು, ಎರಡೂ ಒಂದನ್ನೊಂದು ಸಾಕುತ್ತವೆ.

ವಾಟ್ಸ್‌ಆ್ಯಪ್‌ನಲ್ಲಿ ನೀಲಿ ಟಿಕ್ ಬಂದದ್ದು 2014ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ ಉತ್ತರ ಬರದಿದ್ದರೆ 'ಇನ್ನೂ ನೋಡಿರಲಿಕ್ಕಿಲ್ಲ' ಅಂತ ಅಂದುಕೊಳ್ಳಬಹುದಿತ್ತು. ಈಗ ಆ ಸಮಾಧಾನವೂ ಇಲ್ಲ. ನೋಡಿದ್ದಾನೆ ಅನ್ನುವುದು ಗೊತ್ತು, ಯಾಕೆ ಬರೆದಿಲ್ಲ ಅನ್ನುವುದು ಗೊತ್ತಿಲ್ಲ. ಆ ಖಾಲಿ ಜಾಗವನ್ನು ಭಯ ಬಂದು ತುಂಬುತ್ತದೆ. ಇನ್ನೊಂದು ಕಡೆ, ಹತ್ತು ಸಲ ಇಣುಕಿದರೆ ಒಂದು ಸಲ ನಿಜಕ್ಕೂ ಉತ್ತರ ಬಂದಿರುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನಕ್ಕೆ ಅಂಟಿಕೊಂಡ ಚಟ ಬೇಗ ಬಿಡುವುದಿಲ್ಲ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳಲ್ಲೇ ಇದನ್ನು ತೋರಿಸಿದ್ದರು.

ಹಾಗಾಗಿ ಆ್ಯಪ್ ತೆಗೆಯಬೇಡಿ. ಎರಡು ದಿನದಲ್ಲಿ ಮತ್ತೆ ಹಾಕಿಕೊಳ್ಳುತ್ತೀರಿ, ಜೊತೆಗೆ ನಾಚಿಕೆ ಬೇರೆ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಪ್ರೈವಸಿಗೆ ಹೋಗಿ ರೀಡ್ ರಿಸೀಟ್ಸ್ (ಅಂದರೆ ನೀಲಿ ಟಿಕ್) ಮತ್ತು ಲಾಸ್ಟ್ ಸೀನ್ ಆಫ್ ಮಾಡಿ. ನಿಮ್ಮದು ಮುಚ್ಚಿದರೆ ಬೇರೆಯವರದೂ ನಿಮಗೆ ಕಾಣುವುದಿಲ್ಲ. ಗ್ರೂಪ್‌ಗಳಲ್ಲಿ ಮಾತ್ರ ನೀಲಿ ಟಿಕ್ ಉಳಿಯುತ್ತದೆ.

ಅದಕ್ಕಿಂತ ಮುಖ್ಯ, ಫೋನನ್ನು ಕೇಳುತ್ತಿರುವ ಪ್ರಶ್ನೆಯನ್ನು ಅವನನ್ನೇ ಕೇಳಿ. ಅದೂ ಸಿಟ್ಟು ಬಂದ ರಾತ್ರಿ ಅಲ್ಲ, ಇಬ್ಬರೂ ಆರಾಮಾಗಿ ಎದುರು ಕೂತಿದ್ದಾಗ. "ನೀನು ಓದಿ ಸುಮ್ಮನಾದರೆ ನನಗೆ ಗಾಬರಿಯಾಗುತ್ತೆ. ಬ್ಯುಸಿ ಇದ್ದರೆ 'ಆಮೇಲೆ' ಅಂತ ಹಾಕು, ಸಾಕು." ಕ್ವಿಜ್‌ನ ಹೆಸರು, 'ನೀನು ಅವಾಯ್ಡೆಂಟ್' ಅನ್ನುವ ಮಾತು ಎರಡೂ ಬೇಡ. ಅವನಿಗೆ ಎಷ್ಟು ಹೊತ್ತು ಬಿಡುವು ಬೇಕು ಅಂತಲೂ ಕೇಳಿ. ಹೇಳಿದ್ದನ್ನು ನಡೆಸುವ ಸಂಗಾತಿ ಸಿಕ್ಕರೆ ಈ ಭಯ ವರ್ಷಗಳಲ್ಲಿ ಇಳಿಯಬಲ್ಲದು. ನಿದ್ದೆ, ಕೆಲಸ ಕೆಡುತ್ತಿದ್ದರೆ ಆಪ್ತಸಮಾಲೋಚಕರನ್ನು ನೋಡಿ.

ಇಷ್ಟು ಬಿಡಿಸಿ ಹೇಳಿದ ಮೇಲೂ ಅವನು ದಿನಗಟ್ಟಲೆ ಮಾಯವಾಗುತ್ತಿದ್ದರೆ, ಆಗ ನಿಮ್ಮ ಅಟ್ಯಾಚ್‌ಮೆಂಟ್ ಸ್ಟೈಲ್ ಹುಡುಕುತ್ತಾ ಕೂರಬೇಡಿ. ಆ ಗಾಬರಿಗೆ ಕಾರಣ ನಿಮ್ಮ ಬಾಲ್ಯ ಅಲ್ಲ, ಅವನು.