ಬಾಗಿನದ ಮೊರದಲ್ಲಿ ಬಂದ ಜುಮಕಿ

ಪ್ರಶ್ನೆ: ಅಕ್ಕಾ, ನನ್ನ ತವರು ಮೂಡಿಗೆರೆ ಕಡೆ. ಅಣ್ಣ, ಚಿಕ್ಕಪ್ಪ ತೋಟಗಳ ಕಣದಿಂದ ಮೆಣಸು ಕದಿಯುತ್ತಿದ್ದರು. ಅಮ್ಮ ಆ ಚೀಲಗಳನ್ನು ಅಟ್ಟದಲ್ಲಿಟ್ಟು ಮೇಲೆ ಸೌದೆ ಒಟ್ಟುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಪೊಲೀಸರು ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ. ಅವತ್ತಿನಿಂದ ಅಮ್ಮನ ಪಾಲಿಗೆ ನಾನು ಸತ್ತ ಹಾಗೆ. ಈ ಗೌರಿಹಬ್ಬಕ್ಕೆ ಪಕ್ಕದ ಮನೆಯವರ ಕೈಲಿ ಬಾಗಿನ ಕಳಿಸಿದ್ದಾಳೆ. ಅಕ್ಕಿ, ಬೇಳೆಯ ಅಡಿಯಲ್ಲಿ, ಕಾಗದದಲ್ಲಿ ಸುತ್ತಿದ ಒಂದು ಜೊತೆ ಚಿನ್ನದ ಜುಮಕಿ. ಅಮ್ಮನದಲ್ಲ, ಅಜ್ಜಿಯದೂ ಅಲ್ಲ. ಒಂದರ ತಿರುಪು ಬೇರೆ ಥರ ಇದೆ. ಹದಿಮೂರು ವರ್ಷದ ಮಗಳು ಹಾಕ್ಕೊಳ್ತೀನಿ ಅಂತ ಹಟ ಹಿಡಿದಿದ್ದಾಳೆ. ವಾಪಸ್ ಕಳಿಸಿದರೆ ಅಮ್ಮ ಮತ್ತೆ ದೂರವಾಗುತ್ತಾಳೆ. ಏನು ಮಾಡಲಿ?
– ಒಬ್ಬ ಓದುಗರು, ಹಾಸನ

ಉತ್ತರ: ತಂಗಿ, ತಿರುಪನ್ನು ಅಷ್ಟು ದಿಟ್ಟಿಸಿ ನೋಡಿದ್ದೀರಿ ಅಂದರೆ ನಿಮಗೆ ಅನುಮಾನ ಬಂದಿದೆ. ಕಾನೂನು ಕೇಳುವುದೂ ಅದನ್ನೇ. ಕದ್ದ ಮಾಲು ಎಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ 3 ವರ್ಷದವರೆಗೆ ಜೈಲಾಗಬಹುದು. ಮಗಳ ಕಿವಿಗೆ ಅದು ಬೇಡವೇ ಬೇಡ. ಮಾರಬೇಡಿ, ಕರಗಿಸಬೇಡಿ, ಪಕ್ಕದ ಮನೆಯವರ ಕೈಲಿ ವಾಪಸ್ಸೂ ಕಳಿಸಬೇಡಿ. ಪಾಪ, ಅವರೂ ಸಿಕ್ಕಿಕೊಳ್ಳುತ್ತಾರೆ. ನೇರ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಫೋನ್ ಮಾಡುವುದಾದರೆ 15100. ಆ ವಕೀಲರನ್ನು ಕೇಳಿಕೊಂಡೇ ಜುಮಕಿಯನ್ನು ಠಾಣೆಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಬರಹದಲ್ಲಿ ಏನಾದರೂ ಪಡೆಯಿರಿ.

ಅಮ್ಮನ ಹೆಸರು ಬರುತ್ತದಾ? ಬರಬಹುದು. ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಅಪರಾಧಿಗೆ ಆಸರೆ ಕೊಟ್ಟ ಗಂಡನಿಗೋ ಹೆಂಡತಿಗೋ ಕಾನೂನಿನಲ್ಲಿ ವಿನಾಯಿತಿ ಉಂಟು, ತಾಯಿಗೆ ಇಲ್ಲ. ಕೋರ್ಟಿನಲ್ಲಿ ಇಷ್ಟು ವರ್ಷ ವಕೀಲಿಕೆ ಮಾಡಿದರೂ ಇದು ನನಗೆ ಇವತ್ತಿಗೂ ನುಂಗಲಾಗದ ಮಾತು. ಒಬ್ಬ ತಾಯಿ ಪ್ರತಿ ವಾಯಿದೆಗೂ ಮಗನಿಗೆ ಕಡುಬು ಕಟ್ಟಿಕೊಂಡು ಬರುತ್ತಿದ್ದರು. ಸಾಕ್ಷಿ ಹೇಳಿದ ಮಗಳು ಅದೇ ವರಾಂಡದ ಇನ್ನೊಂದು ಬೆಂಚಿನಲ್ಲಿ ಕೂತಿರುತ್ತಿದ್ದಳು. ಡಬ್ಬಿಯಲ್ಲಿ ಕಡುಬು ಮಿಕ್ಕರೂ ಆ ತಾಯಿ ಒಮ್ಮೆಯೂ ಅವಳನ್ನು ಕರೆಯಲಿಲ್ಲ. ನಿಮ್ಮಮ್ಮ ಮೊರ ಕಳಿಸಿದ್ದಾರೆ, ತಂಗಿ. ಜುಮಕಿ ಎಲ್ಲಿಂದಲೇ ಬಂದಿರಲಿ, ಆ ಅಕ್ಕಿ ಅಳೆದು ಹಾಕಿದ್ದು ಅವರ ಕೈ.

ಮಗಳಿಗೆ ಇವತ್ತೇ ನಿಜ ಹೇಳಿ. ಅಜ್ಜಿ ಕೆಟ್ಟವಳು ಅನ್ನಬೇಡಿ. ಇದು ಯಾರದೋ ಕಿವಿಯದ್ದಿರಬಹುದು, ಅವರು ಹುಡುಕುತ್ತಿರಬಹುದು ಅನ್ನಿ. ಹದಿಮೂರಕ್ಕೆ ಅರ್ಥವಾಗುತ್ತದೆ.

ಒಪ್ಪಿಸಿದ ಮೇಲೆ, ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು ನೀವೇ ಅಮ್ಮನಿಗೆ ತಿಳಿಸಿ. ಆ ಅಟ್ಟದ ಮನೆಗೆ ಸದ್ಯ ಹೋಗಬೇಡಿ. ಬೇಲೂರಿಗೆ ಕರೆಯಿರಿ, ಇಬ್ಬರಿಗೂ ನಡುದಾರಿ. ಕೇಶವನ ಗುಡಿಯ ಜಗಲಿಯಲ್ಲಿ ಕೂತು, 'ಅಮ್ಮಾ, ಬಾಗಿನ ಇಟ್ಟುಕೊಂಡೆ, ಜುಮಕಿ ಇಟ್ಟುಕೊಳ್ಳಲಿಲ್ಲ' ಅನ್ನಿ. ಬೈದರೆ ಬೈಯಲಿ, ಎದ್ದು ಹೋದರೂ ಹೋಗಲಿ. ಮೊರದಲ್ಲಿ ರವಿಕೆ ಕಣ ಬಂದಿದ್ದರೆ ಹೊಲಿಸಿ, ಅವತ್ತು ಅದನ್ನೇ ತೊಟ್ಟು ಹೋಗಿ.