ಟಿಯರ್‌ಡ್ರಾಪ್ ಮಾಡಿಸ್ತಿದ್ದೀರಾ? ತಗಡು ಹೊದಿಸೋ ಮುಂಚೆ ಒಂದ್ಸಲ ಹೋಗಿ ನೋಡಿ

ಪ್ರಶ್ನೆ: ನಾವಿರೋದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ನಾನು, ಹೆಂಡತಿ, ಆರು ವರ್ಷದ ಮಗಳು. ಟೆಂಟ್ ಹಾಕಿ ಕಿತ್ತು ಸಾಕಾಗಿದೆ. ಆರಿಗನ್‌ನಲ್ಲಿ ಒಬ್ಬರು ಕಾರಿನ ಹಿಂದೆ ಎಳೆದುಕೊಂಡು ಹೋಗೋ, ಒಳಗೆ ಮಲಗೋಕೆ ಆಗೋ, ನೀರಿನ ಹನಿ ಆಕಾರದ ಹಳೇ ಕಾಲದ ಮಾದರಿಯ ಟಿಯರ್‌ಡ್ರಾಪ್ ಟ್ರೇಲರ್‌ಗಳನ್ನು ಆರ್ಡರ್ ತಗೊಂಡು ಒಂದೊಂದಾಗಿ ಮಾಡಿಕೊಡುತ್ತಾರೆ. 5 ಅಡಿ ಅಗಲ, 10 ಅಡಿ ಉದ್ದ, ಪಕ್ಕಗಳಿಗೆ ಮರದ ಫಿನಿಶ್, ಮೇಲೆ ಅಲ್ಯೂಮಿನಿಯಂ ತಗಡು, ಹಿಂದೆ ಅಡುಗೆಕಟ್ಟೆ. ಬೆಲೆ 18,500 ಡಾಲರ್, ಖಾಲಿ ತೂಕ 1,150 ಪೌಂಡ್ ಅಂದಿದ್ದಾರೆ. ಅರ್ಧ ದುಡ್ಡು ಮುಂಗಡ ಕೊಡಬೇಕಂತೆ. ನಮ್ಮ ಕಾರು ಟೊಯೋಟಾ ರ‍್ಯಾವ್4 ಹೈಬ್ರಿಡ್. ಮುಂದಿನ ಬೇಸಿಗೆಗೆ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಾರೆ, ಅವರನ್ನೂ ಯೊಸೆಮಿಟಿ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋಗೋ ಆಸೆ. ಆರ್ಡರ್ ಕೊಡೋ ಮುಂಚೆ ಏನೇನು ಕೇಳಬೇಕು?

ಉತ್ತರ: ಮೊದಲು ಅಪ್ಪ ಅಮ್ಮನ ವಿಷಯ ಮುಗಿಸಿಬಿಡೋಣ. ಟಿಯರ್‌ಡ್ರಾಪ್ ಒಳಗೆ ನಿಂತುಕೊಳ್ಳೋಕೆ ಆಗಲ್ಲ. ಪಕ್ಕದ ಸಣ್ಣ ಬಾಗಿಲಲ್ಲಿ ಮೊದಲು ಕೂತು, ಆಮೇಲೆ ಕಾಲು ಎಳೆದುಕೊಂಡು ಒಳಗೆ ಜರುಗಬೇಕು. ಶೌಚಾಲಯ ಇರಲ್ಲ. ರಾತ್ರಿ ಎರಡು ಸಲ ಏಳೋ ವಯಸ್ಸಿನವರಿಗೆ ಇದು ಹೇಳಿ ಮಾಡಿಸಿದ ಜಾಗ ಅಲ್ಲ. ಅದೂ ಅಲ್ಲದೆ 5 ಅಡಿ ಅಗಲ ಅಂದರೆ ಒಂದು ಕ್ವೀನ್ ಹಾಸಿಗೆಯ ಅಗಲ, ಅಷ್ಟೇ. ನೀವಿಬ್ಬರು ಮತ್ತು ಮಗಳು ಈಗ ಹಿಡಿಸುತ್ತೀರಿ, ಅವಳಿಗೆ ಹತ್ತು ವರ್ಷ ಆಗೋ ಹೊತ್ತಿಗೆ ಯಾರಾದರೂ ಒಬ್ಬರು ಹೊರಗೆ ಟೆಂಟ್‌ನಲ್ಲಿ ಮಲಗಬೇಕು (ಅದು ಯಾರು ಅಂತ ನಿಮಗೂ ಗೊತ್ತು). ಅಪ್ಪ ಅಮ್ಮನಿಗೆ ಪಾರ್ಕ್ ಹತ್ತಿರ ಒಂದು ರೂಮ್ ಬುಕ್ ಮಾಡಿ. ಹಗಲೆಲ್ಲಾ ಟ್ರೇಲರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರಲಿ, ಖುಷಿಯಾಗಿರುತ್ತಾರೆ.

ಈಗ ಟ್ರೇಲರ್ ವಿಷಯ. ನಾನು ಮೆಕ್ಯಾನಿಕಲ್ ಇಂಜಿನಿಯರ್. ಮೂರು ಟಿಯರ್‌ಡ್ರಾಪ್ ಕಟ್ಟಿದ್ದೇನೆ, ಅದಕ್ಕೂ ಮೊದಲು ಒಂದನ್ನು ಮಾಡಿಸಿಕೊಂಡು ಮೋಸ ಹೋಗಿದ್ದೇನೆ. ಹಾಗಾಗಿ ಎರಡೂ ಕಡೆಯ ಮಾತು ಗೊತ್ತು.

ಈ ಮಾದರಿ 1930ರ ದಶಕದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜನ ಮನೆಯ ಗ್ಯಾರೇಜಿನಲ್ಲೇ ಇದನ್ನು ಕಟ್ಟತೊಡಗಿದರು. ಹಳೇ ಟ್ರೇಲರ್‌ಗಳಲ್ಲಿ 4 ಅಡಿ ಅಗಲ, 8 ಅಡಿ ಉದ್ದದವು ಅಷ್ಟೊಂದು ಯಾಕೆ ಗೊತ್ತಾ? ಪ್ಲೈವುಡ್ ಹಾಳೆ ಬರೋದೇ ಆ ಅಳತೆಗೆ. ಒಂದು ಹಾಳೆ ಒಂದು ಪಕ್ಕ, ಅಂಚು ಮಾತ್ರ ಹನಿಯ ಆಕಾರಕ್ಕೆ ಕತ್ತರಿಸಿದರೆ ಸಾಕು. ಇವತ್ತಿಗೂ ಒಳಗಿರೋದು ಅದೇ ಪ್ಲೈವುಡ್ಡು. ಪ್ಲೈವುಡ್ಡಿಗೆ ಒಬ್ಬನೇ ಶತ್ರು, ನೀರು.

ನನ್ನ ಕಥೆ ಕೇಳಿ. ಮಾಡಿಕೊಟ್ಟವರ ಹೆಸರು ಬೇಡ. ಟ್ರೇಲರ್ ನೋಡೋಕೆ ಕನ್ನಡಿ ಥರ ಇತ್ತು, ವಾರ್ನಿಷ್ ಹೊಡೆದ ಮರದಲ್ಲಿ ಮುಖ ಕಾಣಿಸುತ್ತಿತ್ತು. ಎರಡು ಮಳೆಗಾಲ ಕಳೆಯಿತು. ಒಂದು ದಿನ ಹಿಂದಿನ ಅಡುಗೆಕಟ್ಟೆ ಕೆಳಗಿನ ಮೂಲೆಯಲ್ಲಿ ಬಟ್ಟೆ ಹಾಕಿ ಒರೆಸುತ್ತಿದ್ದೆ. ಬೆರಳು ಒಳಗೆ ಹೋಯಿತು. ನೆನೆಸಿದ ಗಟ್ಟಿ ಅವಲಕ್ಕಿಗೆ ಬೆರಳಿಟ್ಟ ಹಾಗೆ. ತಗಡು ಬಿಚ್ಚಿ ನೋಡಿದರೆ ಹಿಂದಿನ ದೀಪದ ವೈರಿಗೆ ಅಂತ ಒಂದು ತೂತು ಕೊರೆದಿದ್ದಾರೆ, ಅದರ ಸುತ್ತ ಏನೂ ಹಚ್ಚಿಲ್ಲ. ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೂ ಏನೂ ಬಳಿದಿಲ್ಲ, ಹಸಿ ಮರ ಹಾಗೇ ಇದೆ. ನೀರು ಆ ಅಂಚಿನಿಂದ ಹೀರಿಕೊಂಡು ಹೀರಿಕೊಂಡು ಒಂದಡಿ ಒಳಗೆ ಹೋಗಿತ್ತು. ಒಂದು ಡಬ್ಬಿ ಎಪಾಕ್ಸಿ (ಒಣಗಿದ ಮೇಲೆ ನೀರು ಬಿಡದ ಅಂಟಿನಂಥ ಲೇಪ), ಅರ್ಧ ದಿನದ ಕೆಲಸ, ಅಷ್ಟನ್ನು ಉಳಿಸೋಕೆ ಹೋಗಿ ಇಡೀ ನೆಲ ಹೋಯಿತು. ಹೊರಗೆ ಥಳಕು ಒಳಗೆ ಹುಳುಕು ಅಂತಾರಲ್ಲ, ಅಕ್ಷರಶಃ ಅದೇ.

ಅದಕ್ಕೇ ನಿಮಗೆ ಒಂದೇ ಒಂದು ಷರತ್ತು ಹಾಕಿ ಅಂತ ಹೇಳೋದು. ಚೌಕಟ್ಟು ನಿಂತು, ಅಂಚುಗಳಿಗೆ ಲೇಪ ಆಗಿ, ಇನ್ನೂ ತಗಡು ಹೊದಿಸದೆ ಇರೋ ಹಂತದಲ್ಲಿ ನೀವು ಹೋಗಿ ನೋಡಬೇಕು. ಆರಿಗನ್ ದೂರ, ರಜೆ ಹಾಕಬೇಕು, ಎಲ್ಲಾ ಸರಿ. 18,500 ಡಾಲರಿನ ಮುಂದೆ ಅದು ಏನೂ ಅಲ್ಲ. ಆಗಲೇ ಇಲ್ಲ ಅಂದರೆ ವಿಡಿಯೋ ಕಾಲ್‌ನಲ್ಲಿ ಫೋನನ್ನು ಮೂಲೆ ಮೂಲೆಗೂ ಹಿಡಿಸಿ. ಒಳ್ಳೆ ಕೆಲಸಗಾರ ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ, ಬದಲಿಗೆ ಖುಷಿಯಿಂದ ಜಾಸ್ತಿನೇ ತೋರಿಸುತ್ತಾನೆ. 'ಅದೆಲ್ಲಾ ಬೇಡ ಸಾರ್, ನಂಬಿ' ಅನ್ನೋ ಧಾಟಿ ಬಂದರೆ ಅಲ್ಲಿಗೇ ನಿಲ್ಲಿಸಿ.

ಹೋದಾಗ ನೋಡೋದು ಏನು? ಕತ್ತರಿಸಿದ ಪ್ರತಿ ಅಂಚನ್ನೂ ಮುಟ್ಟಿ, ಎಪಾಕ್ಸಿಯೋ ಬೇರೆ ಲೇಪವೋ ಕುಡಿದು ನುಣ್ಣಗಾಗಿರಬೇಕು. ನೆಲದ ಅಡಿಭಾಗಕ್ಕೆ ಬಗ್ಗಿ ನೋಡಿ, ಚಕ್ರದಿಂದ ನೀರು ಚಿಮ್ಮೋದು ಅಲ್ಲಿಗೇ. ಚಾವಣಿಯ ಫ್ಯಾನಿಗೆ 14 ಇಂಚಿನ ಚೌಕದ ತೂತು ಕೊರೆಯುತ್ತಾರೆ, ಅದರ ನಾಲ್ಕೂ ಬದಿಗೆ ಮರದ ಪಟ್ಟಿ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ತೆಳ್ಳಗಿನ ಚಾವಣಿಗೇ ಸ್ಕ್ರೂ ಬೀಳುತ್ತೆ. ಕಿಟಕಿ, ಬಾಗಿಲು, ಅಂಚಿನ ಪಟ್ಟಿಗಳ ಕೆಳಗೆ ಏನು ಹಾಕುತ್ತೀರಿ ಅಂತ ಕೇಳಿ. ಬ್ಯೂಟೈಲ್ ಟೇಪ್, ಅಂದರೆ ಮೆತ್ತಗಿರೋ ಅಂಟು ರಬ್ಬರ್ ಪಟ್ಟಿ ಅಂದರೆ ಸರಿ. ಸಿಲಿಕೋನ್ ಅಂದರೆ ನನಗೆ ಇಷ್ಟ ಇಲ್ಲ, ಯಾಕೆಂದರೆ ಒಂದ್ಸಲ ಅದನ್ನು ಹಚ್ಚಿದ ಜಾಗದಲ್ಲಿ ಆಮೇಲೆ ಬಣ್ಣವೂ ಹಿಡಿಯಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಅಂಟಲ್ಲ, ನಾಳೆ ರಿಪೇರಿಗೆ ಕೂತವನು ಅದನ್ನು ಕೆರೆದು ಕೆರೆದು ಸಾಯಬೇಕು.

ಹಿಂದಿನ ದೊಡ್ಡ ಮುಚ್ಚಳ, ಅಂದರೆ ಹ್ಯಾಚ್, ಟಿಯರ್‌ಡ್ರಾಪ್ ಸೋರೋದು ಮುಕ್ಕಾಲು ಪಾಲು ಇಲ್ಲೇ. ಅದರ ಕೀಲು ಯಾವುದು ಅಂತ ಕೇಳಿ. ಹರಿಕೇನ್ ಹಿಂಜ್ ಅಂತ ಬರುತ್ತೆ. ಇಡೀ ಅಗಲಕ್ಕೂ ಒಂದೇ ಅಲ್ಯೂಮಿನಿಯಂ ತುಂಡು, ಒಂದರೊಳಗೊಂದು ಕೊಕ್ಕೆ ಹಾಕಿಕೊಂಡು ಕೂರುತ್ತೆ, ಮಳೆ ನೀರು ಅದರ ಮೇಲಿಂದ ಜಾರಿಹೋಗುತ್ತೆ. ಪೆಟ್ಟಿಗೆಗೆ ಹಾಕೋ ಪಿಯಾನೋ ಹಿಂಜ್ ಹಾಕಿ ಮೇಲೊಂದು ರಬ್ಬರ್ ಪಟ್ಟಿ ಹೊಡೆದವರೂ ಇದ್ದಾರೆ. ಅದು ಬೇಡ.

ತಗೊಳ್ಳೋ ದಿನ ಪೈಪಿನ ಪರೀಕ್ಷೆ ಮಾಡಿ. ಎಲ್ಲಾ ಮುಚ್ಚಿ, ಒಳಗಿನ ಮೂಲೆಗಳಿಗೆ ಪೇಪರ್ ಟವೆಲ್ ಒತ್ತಿ ಇಟ್ಟು, ಹೊರಗಿಂದ ಇಪ್ಪತ್ತು ನಿಮಿಷ ತೋಟದ ಪೈಪಿನಲ್ಲಿ ನೀರು ಬಿಡಿಸಿ. ಆಮೇಲೆ ಟವೆಲ್ ತೆಗೆದು ನೋಡಿ. ಒಂದು ಕಾಸಿನಗಲ ಒದ್ದೆಯಾಗಿದ್ದರೂ ದುಡ್ಡು ಕೊಡಬೇಡಿ.

ಮರದ ಫಿನಿಶ್ ಬೇಕೇ ಬೇಕಾ ಅಂತ ಇನ್ನೊಂದ್ಸಲ ಯೋಚಿಸಿ. ಕ್ಯಾಲಿಫೋರ್ನಿಯಾ ಬಿಸಿಲಿಗೆ ವಾರ್ನಿಷ್ ತಡೆಯಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ಉಜ್ಜಿ ಮತ್ತೆ ಹೊಡೀಬೇಕು. ಶೆಡ್ ಇದ್ದರೆ ಪರವಾಗಿಲ್ಲ, ಸನಿವೇಲ್ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸೋದಾದರೆ ಪಕ್ಕಕ್ಕೂ ಅಲ್ಯೂಮಿನಿಯಮ್ಮೇ ಹಾಕಿಸಿ.

ಇನ್ನು ತೂಕ. ಖಾಲಿ ತೂಕ 1,150 ಅಂದರಲ್ಲ, ಆ ಮಾತನ್ನು ಪೂರ್ತಿ ನಂಬಬೇಡಿ, ಕೈಯಿಂದ ಕಟ್ಟಿದ್ದು ಒಂದೊಂದೂ ಒಂದೊಂದು ತೂಕ ಇರುತ್ತೆ. ನಿಜ ಅಂತಲೇ ಇಟ್ಟುಕೊಂಡು ಲೆಕ್ಕ ಹಾಕೋಣ. ಲಿಥಿಯಂ ಬ್ಯಾಟರಿ 30 ಪೌಂಡ್. 20 ಪೌಂಡಿನ ಗ್ಯಾಸ್ ಸಿಲಿಂಡರ್ ತುಂಬಿದಾಗ ಹತ್ತಿರ ಹತ್ತಿರ 37. ಹತ್ತು ಗ್ಯಾಲನ್ ನೀರು 83. ಐಸ್ ತುಂಬಿದ ಕೂಲರ್ 60. ಮೇಲಿನ ರ‍್ಯಾಕ್, ನೆರಳಿನ ಬಟ್ಟೆ ಸೇರಿ 70. ಕುರ್ಚಿ, ಮೇಜು, ಒಲೆ, ಪಾತ್ರೆ, ಅಕ್ಕಿ ಬೇಳೆ ಇನ್ನೊಂದು 70. ಹಾಸಿಗೆ ಬಟ್ಟೆ 60. ಒಟ್ಟು 410 ಆಯಿತು. ಟ್ರೇಲರ್ ಸೇರಿ 1,560. ನಿಮ್ಮ ರ‍್ಯಾವ್4 ಹೈಬ್ರಿಡ್ ಎಳೆಯೋದು 1,750ರ ತನಕ. ಕಾಗದದ ಮೇಲೆ ಪಾಸ್. ಆದರೆ ಯೊಸೆಮಿಟಿ ಕಡೆಯ ಸಿಯೆರಾ ಬೆಟ್ಟಗಳ ಏರಿನಲ್ಲಿ, ಬೇಸಿಗೆಯಲ್ಲಿ, ಕಾರಿನ ತುಂಬ ಜನ ಕೂತು ಎಳೆಯುವಾಗ ಇಷ್ಟು ಬಿಗಿಯಾದ ಲೆಕ್ಕ ನನಗೆ ಇಷ್ಟ ಇಲ್ಲ. 4 ಅಡಿ ಅಗಲದ್ದಕ್ಕೆ ಇಳಿಯಿರಿ, ಇಲ್ಲವಾ ಕಾರು ಬದಲಿಸೋ ಯೋಚನೆ ಹೇಗೂ ಇದ್ದರೆ 3,500 ಪೌಂಡ್ ಎಳೆಯೋ ಟೊಯೋಟಾ ಸಿಯೆನ್ನಾ ವ್ಯಾನಿನಂಥದ್ದು ನೋಡಿ.

ಹಿಚ್, ಅಂದರೆ ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸೋ ಕೊಂಡಿ, ಅದರ ಮೇಲೆ ಬೀಳೋ ಭಾರವೂ ಇದೆ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಆ ಕೊಂಡಿಯ ಗುಂಡು ಬಾಲ್ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೇಲರ್ ಹಾವಿನ ಥರ ತೊನೆದಾಡೋಕೆ ಶುರು ಮಾಡುತ್ತೆ. ಟಿಯರ್‌ಡ್ರಾಪ್‌ನಲ್ಲಿ ಅಡುಗೆಕಟ್ಟೆ ಹಿಂದೆ ಇರೋದರಿಂದ ಭಾರ ಎಲ್ಲಾ ಹಿಂದಕ್ಕೇ ಹೋಗೋ ಸ್ವಭಾವ. ಹಾಗಾಗಿ ಬ್ಯಾಟರಿ ಮತ್ತು ಗ್ಯಾಸ್ ಮುಂದಿನ ನಾಲಿಗೆ (ಕಾರಿನ ಕಡೆ ಚಾಚಿಕೊಂಡಿರೋ ಕಂಬಿ) ಮೇಲಿರಲಿ ಅಂತ ಈಗಲೇ ಹೇಳಿ. ಕಾರಿನ ಹಿಚ್ಚಿಗೆ ಎಷ್ಟು ಮಿತಿ ಅಂತ ನಿಮ್ಮ ಮ್ಯಾನುಯಲ್‌ನಲ್ಲಿ ಇರುತ್ತೆ, ಅದನ್ನೂ ನೋಡಿ. ಟ್ರೇಲರ್ ಬಂದ ಮೇಲೆ, ಸಾಮಾನು ತುಂಬಿ, ಟ್ರಕ್ ಸ್ಟಾಪಿನಲ್ಲಿರೋ ಕ್ಯಾಟ್ ಸ್ಕೇಲ್ ಅನ್ನೋ ವಾಹನ ತೂಗೋ ಕಟ್ಟೆ ಮೇಲೆ ಒಮ್ಮೆ ನಿಲ್ಲಿಸಿ ಚೀಟಿ ತಗೊಳ್ಳಿ.

ಬ್ರೇಕ್ ಬೇಕಾ? ಬೇಕು. ಕ್ಯಾಲಿಫೋರ್ನಿಯಾದಲ್ಲಿ ಒಟ್ಟು ತೂಕ 1,500 ಪೌಂಡ್ ಮುಟ್ಟಿದರೆ ಕ್ಯಾಂಪಿಂಗ್ ಟ್ರೇಲರಿಗೆ ಬ್ರೇಕ್ ಇರಲೇಬೇಕು. ಎಷ್ಟೋ ರಾಜ್ಯಗಳಲ್ಲಿ ಈ ಗಡಿ 3,000, ಹಾಗಾಗಿ ಹೊರಗಿನ ಕೆಲಸಗಾರರು 'ಇಷ್ಟು ಚಿಕ್ಕದಕ್ಕೆ ಬ್ರೇಕ್ ಯಾಕೆ' ಅಂತಾರೆ. ಎಲೆಕ್ಟ್ರಿಕ್ ಬ್ರೇಕ್ ಹಾಕಿಸಿ, ಕಾರಿಗೆ ಆ ಬ್ರೇಕನ್ನು ನಡೆಸೋ ಕಂಟ್ರೋಲರ್ ಮತ್ತು 7 ಪಿನ್ನಿನ ಪ್ಲಗ್. ಅಂದ ಹಾಗೆ ಟ್ರೇಲರ್ ಎಳೆಯುವಾಗ ಇಲ್ಲಿ ಗಂಟೆಗೆ 55 ಮೈಲಿ ದಾಟೋ ಹಾಗಿಲ್ಲ. ಪಕ್ಕದವರು ಹಾರ್ನ್ ಹೊಡೀಲಿ ಬಿಡಿ. ಟೈರ್ ಎಸ್‌ಟಿ ಅಂತ ಗುರುತಿರೋ ಟ್ರೇಲರ್ ಟೈರೇ ಆಗಿರಬೇಕು. ಅದರ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ, 2324 ಅಂದರೆ 2024ರ 23ನೇ ವಾರದ್ದು. ಹೊಸ ಟ್ರೇಲರಿಗೆ ಗೋಡೌನಿನ ಹಳೇ ಟೈರ್ ಹಾಕಿ ಸಾಗಹಾಕೋರು ಇದ್ದಾರೆ.

ಕಾಗದಪತ್ರ. ಮನೇಲಿ ಕಟ್ಟಿದ ಟ್ರೇಲರ್ ಅಂತ ಬಂದರೆ ಡಿಎಂವಿಯಲ್ಲಿ (ವಾಹನ ನೋಂದಣಿ ಕಚೇರಿ) ಅಲೆದಾಟ ಜಾಸ್ತಿ. ಇವರು ತಯಾರಕರಾಗಿ ನೋಂದಾಯಿಸಿಕೊಂಡಿದ್ದಾರಾ, 17 ಅಕ್ಷರದ ವಿನ್, ಅಂದರೆ ವಾಹನದ ಗುರುತಿನ ಸಂಖ್ಯೆ, ಕೊಡುತ್ತಾರಾ, ತಯಾರಕರ ಮೂಲ ಪ್ರಮಾಣಪತ್ರ, ಅಂದರೆ ಎಂಎಸ್‌ಒ, ಕೈಗೆ ಕೊಡುತ್ತಾರಾ ಅಂತ ಬರವಣಿಗೆಯಲ್ಲಿ ಕೇಳಿ. ವರ್ಷಕ್ಕೆ ಸಾವಿರಕ್ಕಿಂತ ಕಡಿಮೆ ಮಾಡೋ ತಯಾರಕರ ವಿನ್‌ನಲ್ಲಿ ಮೂರನೇ ಅಕ್ಷರ 9 ಇರುತ್ತೆ, ಅದನ್ನು ನೋಡಿ ಗಾಬರಿ ಬೇಡ. ಗರಿಷ್ಠ ತೂಕ ಬರೆದ ಪಟ್ಟಿ ಟ್ರೇಲರ್ ಮೇಲೆ ಅಂಟಿಸಿರಬೇಕು. ಹೊರ ರಾಜ್ಯದಿಂದ ತಂದಿದ್ದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ವಿನ್ ತಪಾಸಣೆ ಮಾಡಿಸಬೇಕು, ಯೂಸ್ ಟ್ಯಾಕ್ಸ್, ಅಂದರೆ ಹೊರಗೆ ಕೊಂಡಿದ್ದಕ್ಕೆ ಸೇಲ್ಸ್ ಟ್ಯಾಕ್ಸ್ ಬದಲು ಇಲ್ಲಿ ಹಾಕೋ ತೆರಿಗೆ, ಕಟ್ಟಬೇಕು. ಆರಿಗನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ ಅಂತ ಖುಷಿಪಟ್ಟಿದ್ದರೆ, ಕ್ಷಮಿಸಿ.

ಅರ್ಧ ಮುಂಗಡ ಮಾತ್ರ ಕೊಡಬೇಡಿ. ಕಾಲು ಭಾಗ ಈಗ, ಇನ್ನಷ್ಟು ನೀವು ಚೌಕಟ್ಟು ನೋಡಿದ ದಿನ, ಉಳಿದದ್ದು ಪೈಪಿನ ಪರೀಕ್ಷೆ ಆಗಿ ಎಂಎಸ್‌ಒ ಕೈಗೆ ಬಂದ ಮೇಲೆ. ಸಾಮಾನು ತರೋಕೆ ದುಡ್ಡು ಬೇಕು ಅನ್ನೋದು ನಿಜವೇ, ಒಬ್ಬರೇ ಕೂತು ಮಾಡೋರ ಹತ್ತಿರ ಬಂಡವಾಳ ಇರಲ್ಲ. ಆ ಮೊದಲ ಕಂತಿನಲ್ಲಿ ಚಾಸಿ ಮತ್ತು ಆಕ್ಸಲ್ ಕೊಂಡು ಬಿಲ್ಲಿನ ನಕಲು ಕಳಿಸಲಿ.

ಪ್ರಶ್ನೆ: ಮೇಲಿನವರ ಹಾಗೇ ನಾವೂ ಟಿಯರ್‌ಡ್ರಾಪ್ ಮಾಡಿಸುತ್ತಿದ್ದೇವೆ, ಸಿಯಾಟಲ್‌ನಿಂದ. ಅಡುಗೆಕಟ್ಟೆ ನಮ್ಮ ಅಡುಗೆಗೆ ಸರಿಹೋಗುತ್ತಾ? ಮಳೆ ಬಂದರೆ ಒಲೆಯನ್ನು ಒಳಗೆ ಇಟ್ಟುಕೊಂಡು ಕಾಫಿ ಮಾಡಬಹುದಾ?

ಉತ್ತರ: ಮಲಗೋ ಜಾಗದಲ್ಲಿ ಒಲೆ ಹಚ್ಚಲೇಬೇಡಿ. ಒಂದು ನಿಮಿಷಕ್ಕೂ ಬೇಡ, ಚಳಿ ಕಾಯಿಸೋಕಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಇಷ್ಟು ಸಣ್ಣ ಡಬ್ಬಿಯಲ್ಲಿ ಬೇಗ ತುಂಬಿಕೊಳ್ಳುತ್ತೆ. ಅದರ ಅಲಾರಂ ಹಾಕಿಸಿ. ರಾತ್ರಿ ಚಾವಣಿಯ ಫ್ಯಾನ್ ಸ್ವಲ್ಪ ತೆರೆದೇ ಇರಲಿ, ಇಬ್ಬರ ಉಸಿರಿಗೇ ಬೆಳಗ್ಗೆ ಒಳಗೋಡೆ ಬೆವರಿರುತ್ತೆ.

ಮಳೆಗೆ ಹ್ಯಾಚ್ ಎತ್ತಿ, ಅದರ ಸುತ್ತ ಒಂದು ಬಟ್ಟೆಯ ಮಾಡು ಕಟ್ಟಿ, ಹೊರಗೆ ನಿಂತೇ ಮಾಡಿ. ಬದಿಗಳನ್ನು ಪೂರ್ತಿ ಮುಚ್ಚಬೇಡಿ. ಕಟ್ಟೆ ಅಳತೆ ಹೇಳುವಾಗ ನಿಮ್ಮ ಕುಕ್ಕರ್ ಮತ್ತು ಬಾಣಲೆಯನ್ನೇ ಕೊಂಡೊಯ್ದು ಇಟ್ಟು ನೋಡಿ, ಇಲ್ಲಿನ ಕೆಲಸಗಾರರು ಎರಡು ಮೊಟ್ಟೆ ಹುರಿಯೋ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಕುಕ್ಕರಿನ ಸೀಟಿಯ ಹಬೆ ನೇರ ಮೇಲಕ್ಕೆ ಹೋಗಿ ಹ್ಯಾಚಿನ ಒಳಮೈಗೆ ಬಡಿಯುತ್ತೆ, ನಾಲ್ಕು ಟ್ರಿಪ್‌ನಲ್ಲಿ ವಾರ್ನಿಷ್ ಬೆಳ್ಳಗಾಗುತ್ತೆ. ಪಕ್ಕಕ್ಕೆ ಎಳೆದುಕೊಳ್ಳೋ ಒಂದು ಒಲೆಯ ಹಲಗೆ ಮಾಡಿಸಿ, ಕುಕ್ಕರೂ ಒಗ್ಗರಣೆಯೂ ಅಲ್ಲೇ ಆಗಲಿ. ಕರಡಿ ಇರೋ ಕಡೆ ರಾತ್ರಿ ಊಟದ ಸಾಮಾನು ಅಡುಗೆಕಟ್ಟೆಯಲ್ಲಿ ಬಿಡಬೇಡಿ, ಯೊಸೆಮಿಟಿಯಂಥ ಕಡೆ ಕ್ಯಾಂಪ್‌ಸೈಟಿನಲ್ಲೇ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ, ಅದರೊಳಗೆ ಹಾಕೋದು ಕಡ್ಡಾಯ. ಚಟ್ನಿಪುಡಿ ಡಬ್ಬಿಯನ್ನೂ ಮರೆಯಬೇಡಿ.